ಕೈ ಕೂಡಿದರೆ ಕ್ರಿಸ್ಮಸ್: ನಕ್ಷತ್ರ, ಗೋದಲಿ, ಕುಸ್ವಾರುಗಳ ಮನೆಗೆಲಸ

ಚಂದ್ರಗಿರಿ ಹೊಳೆಯಿಂದ ಉತ್ತರಕ್ಕಿರುವ ಊರುಗಳಲ್ಲಿ ಡಿಸೆಂಬರ್ ಬಂತೆಂದರೆ ಮೂರು ಕೆಲಸಗಳು ಒಟ್ಟಿಗೆ ಬರುತ್ತವೆ. ತೋಟದಲ್ಲಿ ಅಡಕೆಯ ಕೊಯ್ಲು, ಶಾಲೆಯಲ್ಲಿ ‘ಕ್ರಿಸ್ಮಸ್ ಪರೀಕ್ಷೆ’ ಎಂದೇ ಜನರ ಬಾಯಲ್ಲಿ ಹೆಸರಾಗಿರುವ ಅರ್ಧವಾರ್ಷಿಕ ಪರೀಕ್ಷೆ, ಕ್ರೈಸ್ತರ ಮನೆಗಳಲ್ಲಿ ಹಬ್ಬದ ಸಿದ್ಧತೆ. ಬೇಳ, ಕಯ್ಯಾರು, ಮಂಜೇಶ್ವರ, ವರ್ಕಾಡಿಗಳ ಇಗರ್ಜಿಗಳು ರಾಜ್ಯದ ಗಡಿಯ ಈಚೆಗಿದ್ದರೂ ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದವು. ಇಲ್ಲಿನ ಕೆಥೋಲಿಕರ ಮನೆಮಾತು ಕೊಂಕಣಿ, ಪೇಟೆಯ ಮಾತು ತುಳು, ಕಚೇರಿಯ ಮಾತು ಮಲಯಾಳ; ಓದುಬರಹದ ಮಾತು ತಲೆಮಾರುಗಳಿಂದ ಕನ್ನಡ. ಇಂತಹ ಮನೆಗಳಲ್ಲಿ ಹಬ್ಬವೆಂಬುದು ಒಂದು ದಿನದ ಸಡಗರವಾಗಿರಲಿಲ್ಲ. ನಾಲ್ಕು ವಾರಗಳ ದುಡಿಮೆಯಾಗಿತ್ತು.

ಈಗ ಆ ದುಡಿಮೆಯ ಬಹುಪಾಲು ಅಂಗಡಿಗೆ ಹೋಗಿದೆ. ಪ್ಲಾಸ್ಟಿಕ್ಕಿನ ನಕ್ಷತ್ರ, ಮಡಚಿಡಬಹುದಾದ ಕೃತಕ ಮರ, ಬಣ್ಣ ಬಳಿದ ಗೋದಲಿಯ ಬೊಂಬೆಗಳು, ಪೊಟ್ಟಣದಲ್ಲಿ ಕಟ್ಟಿಟ್ಟ ಕುಸ್ವಾರ್ ಎಲ್ಲವೂ ಒಂದೇ ಸಂಜೆಯಲ್ಲಿ ಮನೆಗೆ ಬರುತ್ತವೆ. ಮಕ್ಕಳು ಗಲ್ಫಿನಲ್ಲೋ ಬೆಂಗಳೂರಿನಲ್ಲೋ ಇರುವ, ಮುದುಕರಿಬ್ಬರೇ ಉಳಿದಿರುವ ಮನೆಗಳಿಗೆ ಇದೊಂದು ಆಸರೆ. ಕೊಂಡು ತಂದ ತಿಂಡಿಯನ್ನು ಹಳಿಯಬೇಕಾಗಿಲ್ಲ. ಅದರ ರುಚಿಯಲ್ಲೂ ಕೊರತೆಯಿಲ್ಲ. ಆದರೆ ಮನೆಯಲ್ಲೇ ಮಾಡುತ್ತಿದ್ದಾಗ ಹಬ್ಬದ ಜೊತೆಗೆ ಬೇರೆ ಕೆಲವು ಸಂಗತಿಗಳೂ ಮಕ್ಕಳ ಕೈಗೆ ಬರುತ್ತಿದ್ದವು. ಅವು ಅಂಗಡಿಯಲ್ಲಿ ದೊರೆಯುವುದಿಲ್ಲ.

ಕಾಯುವುದಕ್ಕೊಂದು ಕೆಲಸ

ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಕಾಲವನ್ನು ‘ಆಗಮನ ಕಾಲ’ ಎನ್ನುತ್ತಾರೆ. ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬರುವ ಭಾನುವಾರ ಅದು ಆರಂಭವಾಗುತ್ತದೆ. ಮೂಲತಃ ಇದು ಪ್ರಾರ್ಥನೆಯ ಮತ್ತು ನಿರೀಕ್ಷೆಯ ಕಾಲ. ಆದರೆ ನಿರೀಕ್ಷೆ ಮಕ್ಕಳಿಗೆ ಸುಲಭವಲ್ಲ.

1839ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಬಡಮಕ್ಕಳಿಗಾಗಿ ಒಂದು ಆಶ್ರಮವನ್ನು ನಡೆಸುತ್ತಿದ್ದ ಯೋಹಾನ್ ಹಿನ್ರಿಕ್ ವಿಖರ್ನ್ ಎಂಬ ಪಾದ್ರಿಗೆ ಈ ಕಷ್ಟ ಎದುರಾಯಿತು. ಹಬ್ಬ ಇನ್ನೆಷ್ಟು ದಿನವಿದೆಯೆಂದು ಮಕ್ಕಳು ದಿನವೂ ಕೇಳುತ್ತಿದ್ದರು. ಅವರು ಒಂದು ಗಾಡಿಯ ಚಕ್ರವನ್ನು ತರಿಸಿ, ಭಾನುವಾರಗಳಿಗೆ ನಾಲ್ಕು ದೊಡ್ಡ ಬಿಳಿಯ ಮೇಣದ ಬತ್ತಿಗಳನ್ನೂ ವಾರದ ದಿನಗಳಿಗೆ ಇಪ್ಪತ್ತು ಸಣ್ಣ ಕೆಂಪು ಬತ್ತಿಗಳನ್ನೂ ಅದರ ಮೇಲೆ ನಿಲ್ಲಿಸಿದರು. ದಿನಕ್ಕೊಂದು ಬತ್ತಿ ಹೊತ್ತಿತು. ಉಳಿದ ಬತ್ತಿಗಳನ್ನು ಎಣಿಸಿದರೆ ಮಕ್ಕಳ ಪ್ರಶ್ನೆಗೆ ಉತ್ತರ ದೊರೆಯಿತು. ಇಂದು ಜಗತ್ತಿನ ಅನೇಕ ಇಗರ್ಜಿಗಳಲ್ಲಿ ಕಾಣುವ ನಾಲ್ಕು ಬತ್ತಿಗಳ ಹಸಿರು ಬಳೆ ಆ ಚಕ್ರದಿಂದಲೇ ಬೆಳೆದು ಬಂದದ್ದು.

ಕರಾವಳಿಯ ಮನೆಗಳಲ್ಲಿ ಈ ಲೆಕ್ಕವನ್ನು ಬೇರೆ ರೀತಿಯಲ್ಲಿ ಇಡುತ್ತಿದ್ದರು. ಮೊದಲ ವಾರ ಬಿದಿರು ಕಡಿಯುವುದು, ಎರಡನೆಯ ವಾರ ಭತ್ತ ನೆನೆಹಾಕುವುದು, ಮೂರನೆಯ ವಾರ ಎಣ್ಣೆಯ ಬಾಣಲೆ ಇಡುವುದು, ಕೊನೆಗೆ ಕೇಕು. ಯಾವ ಕೆಲಸ ನಡೆಯುತ್ತಿದೆ ಎಂಬುದರಿಂದಲೇ ಹಬ್ಬದ ದೂರ ತಿಳಿಯುತ್ತಿತ್ತು.

ನಕ್ಷತ್ರದ ಲೆಕ್ಕ

ಮನೆಯ ಮುಂದೆ ತೂಗುವ ಕಾಗದದ ನಕ್ಷತ್ರಕ್ಕೂ ಶಾಲೆಗೂ ಹಳೆಯ ನಂಟಿದೆ. ಇಂದು ‘ಮೊರಾವಿಯನ್ ನಕ್ಷತ್ರ’ ಎಂದು ಹೆಸರಾಗಿರುವ, ಎಲ್ಲ ದಿಕ್ಕುಗಳಿಗೂ ಮೊನೆ ಚಾಚಿದ ಕಾಗದದ ನಕ್ಷತ್ರ ಹುಟ್ಟಿದ್ದು 1830ರ ದಶಕದಲ್ಲಿ, ಜರ್ಮನಿಯ ನೀಸ್ಕಿ ಎಂಬ ಊರಿನ ವಸತಿಶಾಲೆಯಲ್ಲಿ. ಅದು ಅಲ್ಲಿನ ಹುಡುಗರಿಗೆ ಕೊಟ್ಟ ರೇಖಾಗಣಿತದ ಪಾಠವಾಗಿತ್ತು. ಚೌಕ ತಳದ ಹದಿನೇಳು ಮತ್ತು ತ್ರಿಕೋನ ತಳದ ಎಂಟು, ಹೀಗೆ ಒಟ್ಟು ಇಪ್ಪತ್ತೈದು ಕಾಗದದ ಗೋಪುರಗಳನ್ನು ಸೇರಿಸಿ ಈಗಲೂ ಅದನ್ನು ಕಟ್ಟುತ್ತಾರೆ.

ನಮ್ಮ ಕಡೆಯ ಬಿದಿರಿನ ನಕ್ಷತ್ರವೂ ಗಣಿತದ ಪಾಠವೇ. ಅದಕ್ಕೆ ಬೇಕಾದದ್ದು ತೊಂಬತ್ತು ಸೆಂಟಿಮೀಟರ್ ಉದ್ದದ ಹತ್ತು ತೆಳ್ಳಗಿನ ಸಲಾಕೆಗಳು, ಹದಿನೈದು ಸೆಂಟಿಮೀಟರಿನ ಐದು ಗಟ್ಟಿ ಕಡ್ಡಿಗಳು, ನೂಲು, ಬಣ್ಣದ ಗಾಳಿಪಟದ ಕಾಗದ ಮತ್ತು ಮೈದಾದ ಅಂಟು. ಬಿದಿರು ಸಿಗದಿದ್ದರೆ ಅಡಕೆ ಮರದ ಸಲಾಕೆಯೂ ಆಗುತ್ತದೆ. ಪ್ರತಿಯೊಂದು ಸಲಾಕೆಯ ಎರಡೂ ತುದಿಗಳಿಂದ 34.4 ಸೆಂಟಿಮೀಟರ್ ದೂರದಲ್ಲಿ ಸೀಸದ ಕಡ್ಡಿಯಿಂದ ಗುರುತು ಹಾಕಬೇಕು. ನಡುವೆ 21.2 ಸೆಂಟಿಮೀಟರ್ ಉಳಿಯುತ್ತದೆ. ಐದು ಸಲಾಕೆಗಳನ್ನು ಗುರುತಿಗೆ ಗುರುತು ಕೂಡುವಂತೆ ಹೆಣೆದು, ತುದಿಗಳನ್ನು ನೂಲಿನಿಂದ ಬಿಗಿದರೆ ಓರೆಕೋರೆಯಿಲ್ಲದ ಐದು ಮೊನೆಯ ನಕ್ಷತ್ರ ಸಿದ್ಧ. ಇಂತಹ ಎರಡು ಚೌಕಟ್ಟುಗಳನ್ನು ಒಂದರ ಮೇಲೊಂದಿಟ್ಟು ಐದು ಮೊನೆಗಳಲ್ಲಿ ಕಟ್ಟಿ, ಒಳಗಿನ ಐದು ಸಂಧಿಗಳ ನಡುವೆ ಗಟ್ಟಿ ಕಡ್ಡಿಗಳನ್ನು ನಿಲ್ಲಿಸಿದರೆ ಅದು ಉಬ್ಬಿ ನಿಲ್ಲುತ್ತದೆ. ಬಲ್ಬು ಇಳಿಸಲು ಒಂದು ಪಕ್ಕವನ್ನು ತೆರೆದಿಟ್ಟು ಉಳಿದೆಡೆಗಳಿಗೆ ಕಾಗದ ಅಂಟಿಸಬೇಕು. ಹಳೆಯ ಕಾಲದ ಬಿಸಿಯಾಗುವ ಬಲ್ಬಿಗಿಂತ ಎಲ್‌ಇಡಿ ದೀಪ ಲೇಸು. ಕಾಗದದೊಳಗೆ ಮೇಣದ ಬತ್ತಿಯನ್ನಂತೂ ಇಡಲೇಬಾರದು.

ಗುರುತಿನ ಅಳತೆ ಎಲ್ಲಿಂದ ಬಂತೆಂದು ಮಗು ಕೇಳಿದರೆ ಅಲ್ಲೊಂದು ಪಾಠ ತೆರೆದುಕೊಳ್ಳುತ್ತದೆ. ಇಡೀ ಸಲಾಕೆಯನ್ನು ಅದರ ದೊಡ್ಡ ಭಾಗವಾದ 55.6ರಿಂದ ಭಾಗಿಸಿದರೆ ಬರುವ ಸಂಖ್ಯೆಯೂ, ಆ 55.6ನ್ನು 34.4ರಿಂದ ಭಾಗಿಸಿದರೆ ಬರುವ ಸಂಖ್ಯೆಯೂ ಹೆಚ್ಚುಕಡಿಮೆ ಒಂದೇ: ಸುಮಾರು 1.62. ಗಣಿತದಲ್ಲಿ ಇದಕ್ಕೆ ಸುವರ್ಣ ಅನುಪಾತ ಎಂದು ಹೆಸರು. ಪ್ರತಿಯೊಂದು ಮೊನೆಯ ಕೋನ 36 ಡಿಗ್ರಿ. ಐದನ್ನೂ ಕೂಡಿಸಿದರೆ ತ್ರಿಕೋನದ ಮೂರು ಕೋನಗಳ ಮೊತ್ತವಾದ 180 ದೊರೆಯುತ್ತದೆ. ಹಲಗೆಯ ಮೇಲೆ ಕಂಡು ಮರೆತದ್ದು ಕೈಯಲ್ಲಿ ಕಟ್ಟಿದಾಗ ನೆನಪಿನಲ್ಲಿ ನಿಲ್ಲುತ್ತದೆ.

ಈ ವಿದ್ಯೆ ಒಂದು ಮತದವರ ಸೊತ್ತೂ ಅಲ್ಲ. ದೀಪಾವಳಿಗೆ ಬಿದಿರು ಸೀಳಿ, ಬಣ್ಣದ ಕಾಗದ ಅಂಟಿಸಿ ಗೂಡುದೀಪ ಕಟ್ಟುವ ಕೈಗೆ ಡಿಸೆಂಬರಿನಲ್ಲಿ ನಕ್ಷತ್ರ ಕಟ್ಟುವುದು ಹೊಸ ಕೆಲಸವೇನಲ್ಲ. ನೆರೆಮನೆಯ ಹುಡುಗರು ಬಂದು ಕುಳಿತು ಎರಡನ್ನೂ ಕಟ್ಟಿಕೊಟ್ಟ ಊರುಗಳು ಕರಾವಳಿಯಲ್ಲಿ ಬಹಳವಿವೆ.

ಗೋದಲಿಯ ಗದ್ದೆ

ದನದ ಕೊಟ್ಟಿಗೆಯಲ್ಲಿ ಹುಟ್ಟಿದ ಶಿಶುವಿನ ದೃಶ್ಯವನ್ನು ಕಣ್ಣಿಗೆ ಕಟ್ಟುವಂತೆ ತೋರಿಸಬೇಕೆಂದು ಇಟಲಿಯ ಅಸ್ಸಿಸಿಯ ಸಂತ ಫ್ರಾನ್ಸಿಸರು 1223ರಲ್ಲಿ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಹುಲ್ಲು ಹರಡಿ, ಜೀವಂತ ಎತ್ತನ್ನೂ ಕತ್ತೆಯನ್ನೂ ತಂದು ನಿಲ್ಲಿಸಿದರು. ಗೋದಲಿಯ ಸಂಪ್ರದಾಯ ಜನರ ನಡುವೆ ಹಬ್ಬಲು ಅದು ನಾಂದಿಯಾಯಿತು. ಅಂದಿನಿಂದ ಪ್ರತಿಯೊಂದು ದೇಶವೂ ತನ್ನ ಮಣ್ಣಿನಲ್ಲೇ ಬೆತ್ಲೆಹೇಮನ್ನು ಕಟ್ಟಿಕೊಂಡಿದೆ.

ಕಾಸರಗೋಡಿನ ಬೆತ್ಲೆಹೇಮಿನಲ್ಲಿ ಭತ್ತದ ಗದ್ದೆಯಿರುತ್ತದೆ. ಹಬ್ಬಕ್ಕೆ ಹನ್ನೆರಡು ದಿನವಿರುವಾಗ ಒಂದು ಹಿಡಿ ಭತ್ತವನ್ನು ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಅಗಲವಾದ ತಟ್ಟೆಯ ತೆಳು ಮಣ್ಣಿನಲ್ಲಿ ಒತ್ತಾಗಿ ಬಿತ್ತುತ್ತಾರೆ. ದಿನಕ್ಕೆರಡು ಬಾರಿ ನೀರು ಚಿಮುಕಿಸುವುದು ಮನೆಯ ಅತಿ ಚಿಕ್ಕ ಮಗುವಿನ ಪಾಲಿನ ಕೆಲಸ. 24ರ ಸಂಜೆಯ ಹೊತ್ತಿಗೆ ಗೇಣುದ್ದದ ಹಸಿರು ಎದ್ದು ನಿಂತಿರುತ್ತದೆ. ಭತ್ತ ತಡವಾದರೆ ರಾಗಿಯೋ ಹೆಸರು ಕಾಳೋ ನೆರವಿಗೆ ಬರುತ್ತದೆ. ಮುರಕಲ್ಲಿನ ಗೋಡೆಯಿಂದ ಬಿಡಿಸಿದ ಹಾವಸೆ ಗುಡ್ಡವಾಗುತ್ತದೆ, ಅಡಕೆ ಹಾಳೆ ಕೊಟ್ಟಿಗೆಯ ಮಾಡಾಗುತ್ತದೆ, ಬೈಹುಲ್ಲು ಹಾಸಿಗೆಯಾಗುತ್ತದೆ. ಕುರಿಗಳನ್ನೂ ಕುರುಬರನ್ನೂ ಜೇಡಿಮಣ್ಣಿನಲ್ಲಿ ಮಾಡಿ ನೆರಳಿನಲ್ಲಿ ಒಣಗಿಸಬೇಕು. ಬಿಸಿಲಿಗಿಟ್ಟರೆ ಕಾಲುಗಳು ಬಿರಿಯುತ್ತವೆ.

ಗೋದಲಿಯಲ್ಲಿ ಎಲ್ಲವೂ ಒಟ್ಟಿಗೆ ಬರುವುದಿಲ್ಲ. ಶಿಶುವಿನ ಸ್ಥಳ 24ರ ರಾತ್ರಿಯವರೆಗೆ ಖಾಲಿಯಾಗಿಯೇ ಇರುತ್ತದೆ. ಮೂಡಣ ದೇಶದ ಜ್ಞಾನಿಗಳು ಮೂವರೂ ಮೊದಲು ದೂರದ ಮೂಲೆಯಲ್ಲಿ ನಿಂತು, ದಿನಕ್ಕೊಂದು ಗೇಣಿನಂತೆ ಸರಿಯುತ್ತ ಜನವರಿ 6ರಂದು ಕೊಟ್ಟಿಗೆಯ ಬಾಗಿಲು ಮುಟ್ಟುವ ಪದ್ಧತಿಯನ್ನು ಕೆಲವರು ಪಾಲಿಸುತ್ತಾರೆ. ಆ ಬೊಂಬೆಗಳನ್ನು ಸರಿಸುವ ಹಕ್ಕಿಗಾಗಿ ಮಕ್ಕಳ ನಡುವೆ ಜಗಳವಾಗುವುದೂ ಹಬ್ಬದ ಒಂದು ಭಾಗವೇ.

ಒಂದು ತಟ್ಟೆ, ಹಲವು ದೇಶ

ಕ್ರಿಸ್ಮಸ್ ತಿಂಡಿಗಳ ಸಮೂಹಕ್ಕೆ ಕುಸ್ವಾರ್ ಎಂದು ಹೆಸರು. ಪೋರ್ಚುಗೀಸರ ಕ್ರಿಸ್ಮಸ್ ರಾತ್ರಿಯ ಭೋಜನದ ಹೆಸರಾದ ‘ಕೊನ್ಸೊವಾದ’ ಎಂಬುದರಿಂದ ಈ ಶಬ್ದ ಬಂದಿತೆಂದು ಹೇಳುತ್ತಾರೆ. ಹೆಸರು ಹೊರಗಿನದಾದರೂ ತಟ್ಟೆಯಲ್ಲಿರುವ ಬಹಳಷ್ಟು ತಿಂಡಿಗಳು ಎಲ್ಲರಿಗೂ ಪರಿಚಿತ. ಎಳ್ಳು, ತೆಂಗಿನತುರಿ, ಸಕ್ಕರೆಗಳ ಹೂರಣ ತುಂಬಿದ ಅರ್ಧಚಂದ್ರದಂತಹ ನೆವ್ರಿ ಬೇರೆಡೆಯ ಕರ್ಜಿಕಾಯಿಯೇ. ಚಕ್ಕುಲಿ ಚಕ್ಕುಲಿಯೇ. ಎಳ್ಳುಂಡೆಯೂ ಅಲ್ಲಿದೆ. ಅಕ್ಕಿಹಿಟ್ಟು ಮತ್ತು ತೆಂಗಿನ ಹಾಲಿನ ಪುಟ್ಟ ಗುಂಡುಗಳಾದ ಗುಳಿಯೊ, ಸಕ್ಕರೆ ಪಾಕ ಮೆತ್ತಿದ ಕಿಡಿಯೊ, ಹೂವಿನಾಕಾರದ ಕೊಕ್ಕಿಸಾಂ, ಪೇರಳೆ ಹಣ್ಣಿನ ಪೆರಾದ್ ಜೊತೆಗೂಡುತ್ತವೆ. ಅಕ್ಕಿ, ತೆಂಗು, ಎಳ್ಳು ಈ ನೆಲದ ಬೆಳೆಗಳು. ಪೇರಳೆ ಮತ್ತು ಗೇರು ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದವು. ಐನೂರು ವರ್ಷಗಳ ವ್ಯಾಪಾರದ ಇತಿಹಾಸ ಒಂದೇ ತಟ್ಟೆಯಲ್ಲಿ ಕುಳಿತಿದೆ.

ಕಿಡಿಯೊ ಎಂದರೆ ಕೊಂಕಣಿಯಲ್ಲಿ ಹುಳುಗಳು. ಮೈದಾ, ಮೊಟ್ಟೆ, ತೆಂಗಿನ ಹಾಲಿನಿಂದ ಕಲಸಿದ ಕಣಕದ ಪುಟ್ಟ ಉಂಡೆಯನ್ನು ಮುಳ್ಳುಚಮಚದ ಬೆನ್ನಿಗೋ ಹೊಸ ಬಾಚಣಿಗೆಗೋ ಒತ್ತಿ ಸುರುಳಿ ಸುತ್ತಿದರೆ ಗೆರೆಗೆರೆಯ ಹುಳುವಿನ ಆಕಾರ ಬರುತ್ತದೆ. ಒಂದು ಕಿಲೋ ಹಿಟ್ಟಿಗೆ ನೂರಾರು ಉಂಡೆಗಳಾಗುತ್ತವೆ. ಇದು ಒಬ್ಬರ ಕೈಯಲ್ಲಿ ಮುಗಿಯುವ ಕೆಲಸವಲ್ಲ. ಚಾಪೆ ಹಾಸಿ ಎಲ್ಲರೂ ಸುತ್ತ ಕುಳಿತು ಕಥೆ ಹೇಳುತ್ತ ಸುತ್ತಬೇಕಾದ ತಿಂಡಿ ಅದು. ಎಣ್ಣೆಯ ಬಾಣಲೆಯ ಬಳಿ ಮಾತ್ರ ದೊಡ್ಡವರೇ ಇರಬೇಕು.

ಕೊಕ್ಕಿಸಾಂ ತಾಳ್ಮೆಯ ಪಾಠ. ಹೊಸ ಅಚ್ಚನ್ನು ಹಿಂದಿನ ರಾತ್ರಿಯೇ ಎಣ್ಣೆಯಲ್ಲಿ ಮುಳುಗಿಸಿಡಬೇಕು. ಮರುದಿನ ಕಾದ ಎಣ್ಣೆಯಲ್ಲಿ ಅಚ್ಚನ್ನು ಚೆನ್ನಾಗಿ ಬಿಸಿ ಮಾಡಿ ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಅದ್ದಬೇಕು. ಅಚ್ಚು ತಣ್ಣಗಿದ್ದರೆ ಹಿಟ್ಟು ಹಿಡಿಯುವುದಿಲ್ಲ. ಪೂರ್ತಿ ಮುಳುಗಿದರೆ ಹೂವು ಅಚ್ಚನ್ನು ಬಿಡುವುದಿಲ್ಲ. ಮೊದಲ ಐದಾರು ಹೂಗಳು ಎಲ್ಲರ ಮನೆಯಲ್ಲೂ ಕೆಡುತ್ತವೆ. ಅವು ಅಲ್ಲೇ ಕುಳಿತ ಮಕ್ಕಳ ಪಾಲು.

ಪೆರಾದಿಗೆ ಬೇಕಾದದ್ದು ತೋಳಿನ ಬಲ. ಹಣ್ಣಾದ ಪೇರಳೆಯನ್ನು ಬೇಯಿಸಿ, ಬೀಜ ಹೋಗುವಂತೆ ಜರಡಿಯಲ್ಲಿ ಉಜ್ಜಿ ತೆಗೆದ ತಿರುಳಿಗೆ ಅದರ ತೂಕದ ಮುಕ್ಕಾಲು ಪಾಲು ಸಕ್ಕರೆಯನ್ನೂ ಸ್ವಲ್ಪ ಲಿಂಬೆರಸವನ್ನೂ ಸೇರಿಸಿ, ಸಣ್ಣ ಉರಿಯಲ್ಲಿ ತಳಬಿಡುವವರೆಗೆ ತಿರುವಬೇಕು. ಮುಕ್ಕಾಲು ಗಂಟೆಗೆ ಕಡಿಮೆಯಿಲ್ಲ. ತುಪ್ಪ ಸವರಿದ ತಟ್ಟೆಗೆ ಸುರಿದು ಆರಿದ ಮೇಲೆ ಕತ್ತರಿಸಿದರೆ ವಾರಗಟ್ಟಲೆ ಉಳಿಯುತ್ತದೆ.

ತಲಶ್ಶೇರಿಯಿಂದ ಬಂದ ಕೇಕು

ಕೇಕಿನ ಕಥೆ ಕಾಸರಗೋಡಿಗೆ ಹತ್ತಿರದ್ದೇ. ಮಾಂಬಳ್ಳಿ ಬಾಪು ಎಂಬವರು ತಲಶ್ಶೇರಿಯಲ್ಲಿ ರಾಯಲ್ ಬಿಸ್ಕತ್ ಫ್ಯಾಕ್ಟರಿ ಎಂಬ ಬೇಕರಿಯನ್ನು ನಡೆಸುತ್ತಿದ್ದರು. 1883ರಲ್ಲಿ ಅಂಜರಕಂಡಿಯ ದಾಲ್ಚಿನ್ನಿ ತೋಟದ ಮರ್ಡಾಕ್ ಬ್ರೌನ್ ಇಂಗ್ಲೆಂಡಿನಿಂದ ತಂದ ಕ್ರಿಸ್ಮಸ್ ಕೇಕೊಂದನ್ನು ತೋರಿಸಿ, ಅಂತಹದೇ ಒಂದನ್ನು ಮಾಡಿಕೊಡುವಂತೆ ಕೇಳಿದರಂತೆ. ಬಾಪು ವಿದೇಶಿ ಮದ್ಯದ ಬದಲಿಗೆ ಗೇರುಹಣ್ಣಿನಿಂದಲೂ ಕದಳಿ ಬಾಳೆಯಿಂದಲೂ ಮಾಡಿದ ಸ್ಥಳೀಯ ಮದ್ಯವನ್ನು ಬಳಸಿ ಕೇಕು ಸಿದ್ಧಪಡಿಸಿದರು ಎಂಬುದು ತಲಶ್ಶೇರಿಯವರು ಅಭಿಮಾನದಿಂದ ಹೇಳುವ ಮಾತು. ಭಾರತದ ಮೊದಲ ಕ್ರಿಸ್ಮಸ್ ಕೇಕು ಅದೇ ಎಂದು ಪ್ರಸಿದ್ಧವಾಗಿದೆ.

ಮನೆಯ ಕೇಕಿಗೂ ಮದ್ಯ ಅನಿವಾರ್ಯವಲ್ಲ. ಒಣದ್ರಾಕ್ಷಿ, ಗೇರುಬೀಜ, ಕಿತ್ತಳೆ ಸಿಪ್ಪೆ, ಹಸಿ ಪಪ್ಪಾಯಿಯಿಂದ ಮಾಡಿದ ಟೂಟಿಫ್ರೂಟಿ ಎಲ್ಲ ಸೇರಿ ಅರ್ಧ ಕಿಲೋವನ್ನು ಕಿತ್ತಳೆ ರಸದಲ್ಲಿ ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟು ನೆನೆಸಿದರೆ ಸಾಕು. ಅದಕ್ಕೆ ಮೈದಾ, ಬೆಣ್ಣೆ, ಸಕ್ಕರೆ ತಲಾ 250 ಗ್ರಾಂ, ಮೊಟ್ಟೆ ಐದು, ಬೇಕಿಂಗ್ ಪೌಡರ್ ಒಂದು ಟೀ ಚಮಚ. ಜೊತೆಗೆ ದಾಲ್ಚಿನ್ನಿ, ಲವಂಗ, ಜಾಯಿಕಾಯಿಯ ಪುಡಿ ಚಿಟಿಕೆಯಷ್ಟು. ಸಕ್ಕರೆಯಲ್ಲಿ 100 ಗ್ರಾಂ ತೆಗೆದು, ಕಪ್ಪುಗೆಂಪಾಗುವವರೆಗೆ ಕರಗಿಸಿ, ದೂರ ನಿಂತು ಸ್ವಲ್ಪ ಬಿಸಿನೀರು ಬೆರೆಸಿ ಆರಿಸಿದರೆ ಕೇಕಿಗೆ ಬಣ್ಣ ಕೊಡುವ ಪಾಕ ಸಿದ್ಧವಾಗುತ್ತದೆ. 160 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದೂಕಾಲು ಗಂಟೆ ಬೇಯಬೇಕು. ಒಲೆಪೆಟ್ಟಿಗೆಯಿಲ್ಲದ ಕಾಲದಲ್ಲಿ ದಪ್ಪ ತಳದ ಪಾತ್ರೆಗೆ ಮರಳು ಹಾಕಿ, ಕೇಕಿನ ಡಬ್ಬಿಯನ್ನು ಅದರೊಳಗಿಟ್ಟು, ಮುಚ್ಚಳದ ಮೇಲೆ ತೆಂಗಿನ ಗೆರಟೆಯ ಕೆಂಡ ಸುರಿದು ಬೇಯಿಸುತ್ತಿದ್ದರು. ಆ ಉಪಾಯ ಇಂದಿಗೂ ಕೆಟ್ಟಿಲ್ಲ.

ಅಜ್ಜಿಯ ಪುಸ್ತಕವನ್ನು ಓದುವವರು

ಇಂತಹ ಅನೇಕ ಮನೆಗಳ ಕಪಾಟಿನಲ್ಲಿ ಎಣ್ಣೆಯ ಕಲೆ ಹಿಡಿದ ಒಂದು ನೋಟುಪುಸ್ತಕವಿರುತ್ತದೆ. ಅದರಲ್ಲಿರುವ ಭಾಷೆ ಕೊಂಕಣಿ, ಲಿಪಿ ಕನ್ನಡ. ಮಂಗಳೂರಿನಲ್ಲಿ 1938ರಲ್ಲಿ ಆರಂಭವಾದ ‘ರಾಕ್ಣೊ’ ವಾರಪತ್ರಿಕೆಯಂತೆ, ಈ ಸೀಮೆಯ ಕೊಂಕಣಿಗರ ಪತ್ರಗಳೂ ಪ್ರಾರ್ಥನೆಗಳೂ ಅಡುಗೆಯ ಲೆಕ್ಕಗಳೂ ಕನ್ನಡದ ಅಕ್ಷರಗಳಲ್ಲೇ ಬಾಳಿವೆ. ಅಳತೆಗಳು ಸೇರು, ಪಾವು, ಕುಡ್ತೆಗಳಲ್ಲಿರುತ್ತವೆ.

ಇಂದು ಆ ಪುಸ್ತಕವನ್ನು ತೆರೆದು ಓದಬಲ್ಲವರು ಯಾರು? ಬೇರೆ ಮಾಧ್ಯಮದಲ್ಲಿ ಕಲಿತು ಕನ್ನಡ ಲಿಪಿಯನ್ನೇ ಅರಿಯದ ಮೊಮ್ಮಗಳಿಗೆ ತನ್ನ ಅಜ್ಜಿಯ ಮಾತು ಕಿವಿಗೆ ಬಿದ್ದರೆ ಅರ್ಥವಾಗುತ್ತದೆ, ಕಣ್ಣಿಗೆ ಬಿದ್ದರೆ ಅರ್ಥವಾಗುವುದಿಲ್ಲ. ಕನ್ನಡ ಶಾಲೆಗೆ ಹೋಗುವ ಮಗು ಅದನ್ನು ಗಟ್ಟಿಯಾಗಿ ಓದಿ ಹೇಳಬಲ್ಲದು. ಗಡಿನಾಡಿನಲ್ಲಿ ಕನ್ನಡ ಮಾಧ್ಯಮದಿಂದ ಪ್ರಯೋಜನವೇನು ಎಂಬ ಪ್ರಶ್ನೆಗೆ ಉದ್ಯೋಗದ ಲೆಕ್ಕದಲ್ಲಿ ಮಾತ್ರ ಉತ್ತರ ಹುಡುಕುವವರು ಈ ಪುಸ್ತಕವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕನ್ನಡ ಲಿಪಿ ಇಲ್ಲಿ ಕನ್ನಡವನ್ನಷ್ಟೇ ಕಾಯುತ್ತಿಲ್ಲ. ತನ್ನ ಆಶ್ರಯಕ್ಕೆ ಬಂದ ಇನ್ನೊಂದು ಭಾಷೆಯ ಮನೆಬಾಳನ್ನೂ ಕಾಯುತ್ತಿದೆ.

ಓದುವುದಷ್ಟೇ ಸಾಲದು. ‘ಹದವಾಗುವಷ್ಟು’, ‘ಕೈಗೆ ಅಂಟದಷ್ಟು’ ಎಂದು ಬರೆದಿರುವಲ್ಲಿ ಆ ಹದವನ್ನು ಬಲ್ಲ ಕೈ ಪಕ್ಕದಲ್ಲಿರಬೇಕು. ಮನೆಯ ಹಳೆಯ ಪಾವಿನಲ್ಲಿ ಹಿಟ್ಟನ್ನು ಅಳೆದು, ಅದನ್ನೇ ತಕ್ಕಡಿಯಲ್ಲಿ ತೂಗಿ, ಗ್ರಾಮಿನ ಲೆಕ್ಕವನ್ನು ಅದೇ ಪುಟದ ಅಂಚಿನಲ್ಲಿ ಮಗುವಿನಿಂದ ಬರೆಸಿಡುವುದು ಈ ರಜೆಯ ಒಳ್ಳೆಯ ಕೆಲಸ. ಅಜ್ಜಿ ಇರುವಾಗಲೇ ಅದು ಮುಗಿಯಬೇಕು.

ಒಬ್ಬಳೇ ಮಾಡುವ ಹಬ್ಬ

ಮನೆಯಲ್ಲೇ ಮಾಡಿದ ಹಬ್ಬವನ್ನು ಹೊಗಳುವವರು ಒಂದು ಸತ್ಯವನ್ನು ಮರೆಯುತ್ತಾರೆ. ಅದರ ಬಹುಪಾಲು ಭಾರ ಹೊತ್ತವರು ಹೆಂಗಸರು. ಹಿಂದೆ ಅತ್ತೆ, ನಾದಿನಿ, ನೆರೆಯವಳು ಎಂದು ಹತ್ತು ಕೈಗಳಿದ್ದಾಗ ಕೆಲಸವೂ ಒಂದು ಸಂತೆಯಂತಿತ್ತು. ಮನೆಗಳು ಚಿಕ್ಕದಾದ ಮೇಲೆ ತಿಂಡಿಗಳ ಸಂಖ್ಯೆ ಇಳಿಯಲಿಲ್ಲ, ಕೈಗಳ ಸಂಖ್ಯೆ ಮಾತ್ರ ಇಳಿಯಿತು. ಹಗಲು ಶಾಲೆಯಲ್ಲೋ ಆಸ್ಪತ್ರೆಯಲ್ಲೋ ದುಡಿದು, ರಾತ್ರಿ ಒಬ್ಬಳೇ ಬಾಣಲೆಯ ಮುಂದೆ ನಿಲ್ಲುವ ತಾಯಿಗೆ ಕುಸ್ವಾರ್ ಸಂಭ್ರಮವಾಗಲಾರದು. ಅವಳು ಪೊಟ್ಟಣ ಕೊಂಡು ತಂದರೆ ಸಂಪ್ರದಾಯ ಕೆಟ್ಟಿತೆಂದು ದೂರುವ ಹಕ್ಕು, ಚಾಪೆಯ ಮೇಲೆ ಕುಳಿತು ಒಂದು ಕಿಡಿಯೊ ಸುತ್ತದ ಗಂಡಸರಿಗಿಲ್ಲ.

ಆದ್ದರಿಂದ ಉಳಿಸಿಕೊಳ್ಳಬೇಕಾದದ್ದು ತಿಂಡಿಗಳ ಉದ್ದ ಪಟ್ಟಿಯನ್ನಲ್ಲ, ಒಟ್ಟಿಗೆ ಕುಳಿತು ಮಾಡುವ ರೂಢಿಯನ್ನು. ಹತ್ತು ಬಗೆಯ ಬದಲಿಗೆ ಎರಡೇ ಬಗೆ ಸಾಕು. ಆ ಎರಡಕ್ಕೆ ಮನೆಯ ಎಲ್ಲರೂ ಕುಳಿತುಕೊಳ್ಳಲಿ. ಬಿದಿರು ಸೀಳುವುದು, ಪೆರಾದ್ ತಿರುವುವುದು, ತೆಂಗಿನಕಾಯಿ ತುರಿಯುವುದು, ಕೊನೆಯಲ್ಲಿ ಎಣ್ಣೆ ಹಿಡಿದ ಪಾತ್ರೆಗಳನ್ನು ತೊಳೆಯುವುದು ತಂದೆಯ ಮತ್ತು ಗಂಡುಮಕ್ಕಳ ಪಾಲಿಗೆ ಬರಲಿ. ಎರಡು ಮೂರು ಮನೆಗಳು ಸೇರಿ ಒಂದೊಂದು ತಿಂಡಿಯನ್ನು ವಹಿಸಿಕೊಂಡು ಹಂಚಿಕೊಂಡರೆ ತಟ್ಟೆಯೂ ತುಂಬುತ್ತದೆ, ಬೆನ್ನೂ ಉಳಿಯುತ್ತದೆ.

ತುಂಬಿದ ತಟ್ಟೆ ಮನೆಯಲ್ಲೇ ಉಳಿಯುವುದೂ ಇಲ್ಲ. ದೀಪಾವಳಿಗೆ ಹೋಳಿಗೆ ಕಳುಹಿಸಿದ ಮನೆಗೆ, ಪೆರ್ನಾಳಿಗೆ ಬಿರಿಯಾನಿ ಕಳುಹಿಸಿದ ಮನೆಗೆ ಕುಸ್ವಾರಿನ ತಟ್ಟೆ ಹೋಗುತ್ತದೆ. ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬುದು ಈ ಊರುಗಳಲ್ಲಿ ಯಾವ ಮತದ ಗ್ರಂಥದಲ್ಲೂ ಬರೆಯದೆ ಎಲ್ಲರೂ ಪಾಲಿಸುವ ನಿಯಮ. ತಟ್ಟೆಗೆ ಬಟ್ಟೆ ಮುಚ್ಚಿ ಕೊಂಡೊಯ್ಯುವುದು ಮಕ್ಕಳ ಕೆಲಸ. ‘ಇದರ ಹೆಸರೇನು?’ ಎಂದು ನೆರೆಮನೆಯವರು ಕೇಳಿದಾಗ, ತನ್ನ ಕೈಯಲ್ಲಿ ಸುತ್ತಿದ ತಿಂಡಿಯ ಹೆಸರನ್ನು ಮಗು ತಡವರಿಸದೆ ಹೇಳುತ್ತದೆ.

ಪರೀಕ್ಷೆ ಮುಗಿದ ಸಂಜೆಯಿಂದ ಹಬ್ಬಕ್ಕೆ ಉಳಿಯುವ ದಿನಗಳು ಕೆಲವೇ. ಭತ್ತವನ್ನು ಮಾತ್ರ ಪರೀಕ್ಷೆಯ ನಡುವೆಯೇ ನೆನೆಹಾಕಬೇಕು. ಅದಕ್ಕೆ ಐದು ನಿಮಿಷ ಸಾಕು. ಉಳಿದದ್ದಕ್ಕೆಲ್ಲ ರಜೆಯಿದೆ.